ಹಿರಿಯರ ಫೋಟೋಗಳಿಗೆ ಡಿಜಿಟಲ್ ಫ್ರೇಮ್: ಆರು ತಿಂಗಳು ಬಳಸಿದ ಮೇಲೆ

ತೀರಿಕೊಂಡ ಹಿರಿಯರ ಫೋಟೋಗಳಿಗೆ ಅಂತಲೇ ಒಂದು ಡಿಜಿಟಲ್ ಫ್ರೇಮ್ ತಗೊಂಡು ಆರು ತಿಂಗಳಾಯಿತು. 10 ಇಂಚಿನ ಪರದೆ, ವೈಫೈ, ಪುಟ್ಟ ಸ್ಪೀಕರ್. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಕೂರುವ ಜಾಗದಲ್ಲಿ ಇಟ್ಟಿದ್ದೇನೆ. ಈಗ ತುಂಬಾ ಇಷ್ಟ. ಆದರೆ ಡಬ್ಬಿಯಿಂದ ತೆಗೆದ ಹಾಗೇ ಬಳಸಿದ್ದರೆ ಖಂಡಿತ ವಾಪಸ್ ಕೊಟ್ಟುಬಿಡುತ್ತಿದ್ದೆ.

ಮೊದಲ ದಿನವೇ ಬೇಜಾರಾಯಿತು. ನಮ್ಮ ಹಳೇ ಫೋಟೋಗಳು ಉದ್ದ, ಪರದೆ ಅಡ್ಡ. ಜಾಗ ತುಂಬಿಸೋಕೆ ಅದು ತಾನಾಗೇ ಫೋಟೋ ಕತ್ತರಿಸುತ್ತದೆ. ಅಜ್ಜ ಕುರ್ಚಿಯಲ್ಲಿ ಕೂತು, ಅಜ್ಜಿ ಪಕ್ಕದಲ್ಲಿ ನಿಂತಿರುವ ಫೋಟೋ ನಮ್ಮ ಹತ್ತಿರ ಇರೋದು ಒಂದೇ ಒಂದು, ಅದರಲ್ಲಿ ಅಜ್ಜಿಯ ತಲೆಯೇ ಕಾಣುತ್ತಿರಲಿಲ್ಲ. ಅಮ್ಮ ನೋಡಿ ಏನೂ ಮಾತಾಡದೆ ಎದ್ದು ಹೋದರು. ಸೆಟ್ಟಿಂಗ್‌ನಲ್ಲಿ ‘ಫಿಲ್’ ತೆಗೆದು ಇಡೀ ಫೋಟೋ ತೋರಿಸುವ ‘ಫಿಟ್’ ಹಾಕಿ. ಪಕ್ಕದಲ್ಲಿ ಕಪ್ಪು ಪಟ್ಟಿ ಬರುತ್ತೆ, ಬರಲಿ.

ಇನ್ನೊಂದು ತೊಂದರೆ ಸೆನ್ಸರ್‌ನದು. ಎದುರಿಗೆ ಓಡಾಟ ಇಲ್ಲದಿದ್ದರೆ ಪರದೆ ಆರಿಹೋಗುತ್ತದೆ. ಕಣ್ಣು ಮುಚ್ಚಿ ಅಲ್ಲಾಡದೆ ಕೂತವರು ಅದಕ್ಕೆ ಗೊತ್ತಾಗೋದಿಲ್ಲ, ಹಾಗಾಗಿ ಕಣ್ಣು ಬಿಟ್ಟಾಗ ಕಪ್ಪು ಗಾಜು ಮಾತ್ರ ಇರುತ್ತಿತ್ತು. ಅದನ್ನೂ ಆಫ್ ಮಾಡಿದೆ. ಹತ್ತು ಸೆಕೆಂಡಿಗೊಮ್ಮೆ ಫೋಟೋ ಬದಲಾಗೋದನ್ನು ದಿನಕ್ಕೆ ಒಂದು ಅಂತ ಮಾಡಿದೆ. ಒಬ್ಬರನ್ನು ನೆನೆಯುವಷ್ಟರಲ್ಲಿ ಇನ್ನೊಬ್ಬರು ಬಂದುಬಿಟ್ಟರೆ ಮನಸ್ಸು ಎಲ್ಲಿ ನಿಲ್ಲುತ್ತೆ, ಅಲ್ವಾ? ಈಗ ಮಗಳು ಬೆಳಿಗ್ಗೆ ಎದ್ದವಳೇ ‘ಇವತ್ತು ಯಾರು?’ ಅಂತ ಕೇಳುತ್ತಾಳೆ. ಅವಳಿಗೆ ಆ ದಿನದವರ ಹೆಸರು, ಅವರ ಒಂದು ಕಥೆ ಹೇಳಬೇಕು.

ಫೋಟೋ ಏರಿಸೋಕೆ ಗೂಗಲ್‌ನ ಫೋಟೋಸ್ಕ್ಯಾನ್ ಆ್ಯಪ್ ಬಳಸಿದೆ. ಒಂದು ಸಲ ತೆಗೆದ ಮೇಲೆ ನಾಲ್ಕು ಚುಕ್ಕೆ ತೋರಿಸಿ, ಫೋನನ್ನು ಅವುಗಳ ಮೇಲೆ ಸರಿಸೋಕೆ ಹೇಳುತ್ತದೆ. ಹೊಳೆಯುವ ಕಾಗದದ ಮೇಲೆ ಬೀಳುವ ಬೆಳಕಿನ ಕಲೆ ಹೋಗೋದು ಹಾಗೆ. ಪಾಸ್‌ಪೋರ್ಟ್ ಅಳತೆಯ ಚಿಕ್ಕ ಫೋಟೋಗೆ ಮಾತ್ರ ಫ್ಲ್ಯಾಟ್‌ಬೆಡ್ ಸ್ಕ್ಯಾನರ್ (ಫೋಟೋವನ್ನು ಗಾಜಿನ ಮೇಲೆ ಮಲಗಿಸುವಂಥದ್ದು) ಬಳಸಿ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ ಇಟ್ಟೆ.

ಸ್ಪೀಕರ್ ಇದೆ ಅಂತ ಅಜ್ಜನ ಹಳೇ ಕ್ಯಾಸೆಟ್ ಕೂಡ ಕಂಪ್ಯೂಟರಿಗೆ ಇಳಿಸಿದೆ. ಟೇಪ್‌ರೆಕಾರ್ಡರಿಂದ ಒಂದು ಕೇಬಲ್, ಕಂಪ್ಯೂಟರಲ್ಲಿ ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರ್, ಅಷ್ಟೇ. 60 ನಿಮಿಷದ ಟೇಪಿಗೆ 60 ನಿಮಿಷವೂ ಕೂರಬೇಕು, ಅವಸರ ಮಾಡೋಕೆ ಆಗಲ್ಲ. ನಡುವೆ ಒಂದು ಕಡೆ ಅಜ್ಜ ಕೆಮ್ಮಿ, ಗಂಟಲು ಸರಿ ಮಾಡಿಕೊಂಡು, ಅಮ್ಮನ ಹೆಸರು ಹಿಡಿದು ಕರೆಯುತ್ತಾರೆ. ಆ ಹನ್ನೊಂದು ಸೆಕೆಂಡನ್ನು ಬೇರೆ ಮಾಡಿ ಅಜ್ಜನ ಫೋಟೋ ಜೊತೆ ಹಾಕಿದ್ದೇನೆ. ಅಮ್ಮ ಈಗ ಎದ್ದು ಹೋಗೋದಿಲ್ಲ.

ಫೋಟೋದಲ್ಲಿರುವ ಮುಖ ಅಲ್ಲಾಡುವ ಹಾಗೆ ಮಾಡುವ ಆ್ಯಪ್‌ಗಳೂ ಇವೆ. 2021ರಲ್ಲಿ ವಂಶವೃಕ್ಷದ ವೆಬ್‌ಸೈಟ್ ಮೈಹೆರಿಟೇಜ್‌ನ ‘ಡೀಪ್ ನಾಸ್ಟಾಲ್ಜಿಯಾ’ ಬಂದಾಗಿನಿಂದ ಇದು ಜಾಸ್ತಿ ಆಗಿದೆ. ಅಂಥ ಬೇರೊಂದು ಆ್ಯಪ್‌ನಲ್ಲಿ ಅಜ್ಜನ ಫೋಟೋ ಹಾಕಿ ನೋಡಿದೆ. ಹಲ್ಲು ಬಿಟ್ಟು ನಕ್ಕರು. ನಮ್ಮಜ್ಜ ಯಾವತ್ತೂ ಬಾಯಿ ಮುಚ್ಚಿಕೊಂಡೇ ನಗುತ್ತಿದ್ದದ್ದು. ಆ ವಿಡಿಯೋ ಅಳಿಸಿದೆ. ಪ್ರಾರ್ಥನೆಯ ಜಾಗಕ್ಕೆ ಅದು ಬೇಡ.

ಕೊಳ್ಳುವಾಗ ಮೆಮೊರಿ ಕಾರ್ಡ್ ಹಾಕುವ ಜಾಗ ಇದೆಯಾ ನೋಡಿ. ಬರೀ ಕಂಪನಿಯ ಕ್ಲೌಡ್ (ಇಂಟರ್ನೆಟ್‌ನಲ್ಲಿ ಅವರು ಫೋಟೋ ಇಡುವ ಜಾಗ) ನಂಬಿಕೊಂಡರೆ, ನಾಳೆ ಅದು ಮುಚ್ಚಿದರೆ ಫ್ರೇಮ್ ಖಾಲಿ. ಮೂಲ ಫೋಟೋ ಅಂತೂ ಎಸೆಯಲೇಬೇಡಿ, ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ನಮ್ಮ ಮುತ್ತಜ್ಜಿಯ ಹೆಸರು ಸಿಕ್ಕಿದ್ದು ಒಂದು ಫೋಟೋದ ಹಿಂದೆ, ಪೆನ್ಸಿಲಲ್ಲಿ, ಅರ್ಧ ಅಳಿಸಿದ ಅಕ್ಷರದಲ್ಲಿ.