ನಾಲ್ಕೂವರೆಗೆ ಇಳಿದ ಸಾರು, ಹತ್ತೂವರೆಗೆ ಊಟ: ತೋಟದಲ್ಲಿ ಪಾರ್ಟಿ ಇಡುವವರು ಓದಿ

ತೋಟದಲ್ಲಿ ಗೆಳೆಯರಿಗೆ ಬಾಡೂಟ ಹಾಕಿಸಬೇಕು ಅಂದುಕೊಂಡವರು ಸೌಂಡ್ ಸಿಸ್ಟಮ್, ಲೈಟಿಂಗ್, ಯಾರ ಕಾರಲ್ಲಿ ಯಾರು ಅನ್ನೋದನ್ನೆಲ್ಲ ವಾಟ್ಸಾಪ್ ಗ್ರೂಪಿನಲ್ಲಿ ವಾರಗಟ್ಟಲೆ ಚರ್ಚಿಸುತ್ತಾರೆ. ಸಾರಿನ ಡಬರಿ ಒಲೆಯಿಂದ ಇಳಿಯೋದು ಎಷ್ಟು ಗಂಟೆಗೆ, ಜನ ತಟ್ಟೆ ಹಿಡಿಯೋದು ಎಷ್ಟು ಗಂಟೆಗೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಪಾರ್ಟಿ ಕೆಡುವುದು ಈ ಎರಡು ಗಂಟೆಗಳ ನಡುವೆ.

ಶ್ರೀನಿವಾಸಪುರ ಕಡೆಯ ಮಾವಿನ ತೋಟವೊಂದರಲ್ಲಿ ಬೇಸಿಗೆಯ ಶನಿವಾರ ನಡೆದದ್ದು ಇದು. 35 ಜನ. ಮುದ್ದೆ, ಕೋಳಿ ಸಾರು, ಮಟನ್ ಚಾಪ್ಸ್, ಕುಷ್ಕ, ಮೊಸರು ಬಜ್ಜಿ. ಕರೆದಿದ್ದು ಸಂಜೆ 6ಕ್ಕೆ. ಅಡುಗೆಯವರಿಗೆ ಅದೇ ರಾತ್ರಿ ಇನ್ನೊಂದು ಬೀಗರ ಊಟದ ಆರ್ಡರ್ ಇತ್ತು, ಹಾಗಾಗಿ ಸಾರು 4.30ಕ್ಕೇ ಇಳಿಯಿತು. ಕುಷ್ಕವನ್ನು ಮಧ್ಯಾಹ್ನ 1 ಗಂಟೆಗೆ ಊರಲ್ಲೇ ಮಾಡಿ, ಡಬರಿ ಬಾಯಿಗೆ ಬಟ್ಟೆ ಕಟ್ಟಿ ಲಗೇಜ್ ಆಟೋದಲ್ಲಿ ತಂದಿಟ್ಟಿದ್ದರು. ಬೆಂಗಳೂರಿನಿಂದ ಹೊರಟ ಕಾರುಗಳು 6.15ಕ್ಕೆ "ಮಗಾ, ಹೊಸಕೋಟೆ ದಾಟ್ತಿದ್ದೀವಿ, ಬಂದ್ಬಿಟ್ವಿ" ಎಂದು ಮೆಸೇಜ್ ಹಾಕಿ 8.40ಕ್ಕೆ ಗೇಟಿಗೆ ಬಂದವು. ಆಮೇಲೆ ಕೇಕು, ಫೋಟೊ, ಹಾಡು. ತಟ್ಟೆ ಹಿಡಿದಾಗ 10.30. ಸಾರನ್ನು ಬಿಸಿ ಮಾಡಿದ್ದರು, ಆದರೆ ಹಬೆ ಕಾಣುವವರೆಗೆ ಮಾತ್ರ, ಕುದಿಸಿರಲಿಲ್ಲ. ಕುಷ್ಕ ಹಾಗೇ ಬಡಿಸಿದರು.

ರಾತ್ರಿ 1.30ಕ್ಕೆ ಮೊದಲ ವಾಂತಿ. 3 ಗಂಟೆಯೊಳಗೆ ಆರು ಜನ. "ಎಣ್ಣೆ ಜಾಸ್ತಿ ಆಯ್ತು, ಮಲಗಿಸ್ರೋ" ಎಂದು ಎಲ್ಲರೂ ನಕ್ಕರು. ಆ ಆರರಲ್ಲಿ ಇಬ್ಬರು ಗ್ಲಾಸ್ ಮುಟ್ಟದವರು ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಬೆಳಗ್ಗೆ 8ರ ಹೊತ್ತಿಗೆ ಇನ್ನೊಂದು ಸುತ್ತು: ಹನ್ನೊಂದು ಜನಕ್ಕೆ ಹೊಟ್ಟೆ ನುಲಿತ, ನೀರು ನೀರಾಗಿ ಭೇದಿ. ಇಬ್ಬರಿಗೆ ಡ್ರಿಪ್ ಹಾಕಿಸಬೇಕಾಯಿತು. ಬೈಗುಳವೆಲ್ಲ ಕೋಳಿ ಅಂಗಡಿಯವನಿಗೆ ಹೋಯಿತು. ಕೋಳಿ ಕಣ್ಣೆದುರೇ ಕೊಯ್ಸಿದ್ದು, ಅದರಲ್ಲಿ ಏನೂ ತಪ್ಪಿರಲಿಲ್ಲ.

ಊಟದಿಂದ ಕಾಯಿಲೆಗೆ ಎಷ್ಟು ಗಂಟೆ ಹಿಡಿಯಿತು ಎಂದು ನೋಡಿದರೆ ಎರಡು ಬೇರೆ ಬೇರೆ ಕಾಟ ಕಾಣುತ್ತವೆ.

ಊಟವಾದ ಮೂರೇ ಗಂಟೆಯಲ್ಲಿ ಬಂದ ವಾಂತಿ ಅನ್ನದ, ಅಂದರೆ ಕುಷ್ಕದ ಲಕ್ಷಣ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಸಹಜವಾಗಿಯೇ ಇರುತ್ತವೆ. ಅನ್ನ ಬೆಂದರೂ ಅವು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗಾಗಿ ಗಂಟೆಗಟ್ಟಲೆ ಕೂತಾಗ ಮೊಳೆತು ವಿಷ ಬಿಡುತ್ತವೆ. ಆ ವಿಷ ತಿಂದವರಿಗೆ ಅರ್ಧ ಗಂಟೆಯಿಂದ 6 ಗಂಟೆಯೊಳಗೆ ವಾಂತಿ. ಒಮ್ಮೆ ಹುಟ್ಟಿದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಕೆಟ್ಟ ಕುಷ್ಕವನ್ನು ಹಬೆಯಲ್ಲಿಟ್ಟರೆ ಬಿಸಿಯಾದ ಕೆಟ್ಟ ಕುಷ್ಕ ಸಿಗುತ್ತದೆ ಅಷ್ಟೇ. ವಾಸನೆಯಲ್ಲೂ ಗೊತ್ತಾಗುವುದಿಲ್ಲ, ಪುದೀನ, ಚಕ್ಕೆ, ಲವಂಗ ಎಲ್ಲವನ್ನೂ ಮುಚ್ಚುತ್ತವೆ.

ಬೆಳಗ್ಗೆ ಬಂದ ಭೇದಿ ಸಾರಿನದು. ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ ತೊಂದರೆ ಕೊಡಲು ಸಾಮಾನ್ಯವಾಗಿ 6ರಿಂದ 24 ಗಂಟೆ ತೆಗೆದುಕೊಳ್ಳುತ್ತದೆ. ದೊಡ್ಡ ಪಾತ್ರೆಯ ಮಾಂಸದಡುಗೆಯೇ ಅದರ ಮನೆ. ಇದರ ಬೀಜಕಣವೂ ಕುದಿತಕ್ಕೆ ಜಗ್ಗುವುದಿಲ್ಲ. ಅದಕ್ಕೆ ಗಾಳಿ ಆಗದು. ಸಾರು ಕುದಿದಾಗ ಒಳಗಿನ ಗಾಳಿಯೆಲ್ಲ ಹೊರಟುಹೋಗಿ ಅನುಕೂಲವೇ ಆಗುತ್ತದೆ. ತೆಂಗಿನಕಾಯಿ, ಗಸಗಸೆ ಹಾಕಿ ಗಟ್ಟಿಯಾದ ಮಸಾಲೆ, ಮೇಲೆ ಮುಚ್ಚಳ, ಹೊರಗೆ ಬೇಸಿಗೆ. 20 ಲೀಟರ್ ಸಾರಿನ ನಡುಭಾಗ 45 ಡಿಗ್ರಿಯ ಆಸುಪಾಸಿನಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಆ ಬಿಸಿಯಲ್ಲಿ ಈ ಬ್ಯಾಕ್ಟೀರಿಯಾ ಹತ್ತು ನಿಮಿಷದ ಆಸುಪಾಸಿನಲ್ಲೇ ದುಪ್ಪಟ್ಟಾಗುತ್ತದೆ. ಇದೊಂದಕ್ಕೆ ಮಾತ್ರ ಕುದಿಸುವುದು ಮದ್ದು: ಬಡಿಸುವ ಮುಂಚೆ ತಳದಿಂದ ಸೌಟು ಆಡಿಸುತ್ತ ಕೊತಕೊತ ಕುದಿಸಿದ್ದರೆ, ಬೀಜಕಣ ಉಳಿದರೂ, ಅದರಿಂದ ಮೊಳೆತು ಬೆಳೆದಿದ್ದ ಬ್ಯಾಕ್ಟೀರಿಯಾ ಸಾಯುತ್ತಿದ್ದವು. ಹಾಗಂತ ಆರು ಗಂಟೆ ಕೂತ ಸಾರನ್ನು ಕುದಿಸಿ ಬಡಿಸಿ ಎಂದು ಇದರ ಅರ್ಥವಲ್ಲ. ಅದರಲ್ಲಿ ಇನ್ನೇನು ಬೆಳೆದಿದೆಯೋ ಯಾರಿಗೆ ಗೊತ್ತು. ಗಾಯದ ಕೈಯಿಂದ ಬೀಳುವ ಸ್ಟೆಫಿಲೊಕಾಕಸ್‌ನ ವಿಷವೂ ಕುದಿತಕ್ಕೆ ಹೆದರುವುದಿಲ್ಲ.

ಅಡುಗೆ ಮನೆಯ ನಿಯಮ ಇಷ್ಟೇ: ಬೆಂದದ್ದು 60 ಡಿಗ್ರಿಗಿಂತ ಮೇಲಿರಬೇಕು, ಇಲ್ಲವೇ 5 ಡಿಗ್ರಿಗಿಂತ ಕೆಳಗಿರಬೇಕು. ನಡುವೆ 2 ಗಂಟೆ ದಾಟಬಾರದು. ತೋಟದಲ್ಲಿ ಫ್ರಿಜ್ ಇರುವುದಿಲ್ಲ, ಆದ್ದರಿಂದ ಉಳಿದ ದಾರಿ ಬಿಸಿಯಾಗಿಡುವುದು. ಸೌದೆ ಒಲೆಯಾದರೆ ಕೊಳ್ಳಿ ಎಳೆದು ಕೆಂಡದ ಮೇಲೆ ಬಿಡಿ. ಗ್ಯಾಸ್ ಆದರೆ ಸಣ್ಣ ಉರಿ. ಡಬರಿಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಲೇ ಇರಬೇಕು. ಕಡ್ಡಿಯಂತೆ ಚುಚ್ಚುವ ಅಡುಗೆ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಲೈಟಿಂಗಿಗೆ ಕೊಡುವುದಕ್ಕಿಂತ ಎಷ್ಟೋ ಕಡಿಮೆ. ಅದನ್ನು ಡಬರಿಯ ನಡುವಿಗೆ ಇಳಿಸಿ ನೋಡಿ, ಅಂಚಿಗಲ್ಲ.

ಇದಕ್ಕಿಂತ ಒಳ್ಳೆಯದು ತಡವಾಗಿಯೇ ಶುರು ಮಾಡುವುದು. 6ಕ್ಕೆ ಕರೆದರೆ ಬೆಂಗಳೂರಿನವರು 8ಕ್ಕೆ ಮೊದಲು ಬರುವುದಿಲ್ಲ. ಹೆದ್ದಾರಿ 75ರಲ್ಲಿ ಕೋಲಾರದ ಕಡೆ ಬಂದರೂ, 44ರಲ್ಲಿ ಚಿಕ್ಕಬಳ್ಳಾಪುರಕ್ಕೆ ಬಂದರೂ, ಶನಿವಾರ ಸಂಜೆ ಊರು ಬಿಡುವುದೇ ಕಷ್ಟ. ಊಟ 9ಕ್ಕೆ ಎಂದು ನಿಗದಿ ಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ನಾಟಿ ಕೋಳಿಯಾದರೆ 7ಕ್ಕೆ ಒಲೆ ಮೇಲೆ, ವಯಸ್ಸಾದ ಕೋಳಿ ಬೇಯಲು ಒಂದು ಗಂಟೆ ದಾಟುತ್ತದೆ. ಫಾರಂ ಕೋಳಿಗೆ 8 ಸಾಕು. ಮಟನ್ 6.45ಕ್ಕೆ. ಅಕ್ಕಿ 8.15ಕ್ಕೆ ಮೊದಲು ನೀರಿಗೆ ಬೀಳಬಾರದು. ಮುದ್ದೆ ಜನ ಕೂತ ಮೇಲೆ. ಮಸಾಲೆ ರುಬ್ಬುವುದು, ಈರುಳ್ಳಿ ಹೆಚ್ಚುವುದು, ಸೌದೆ ಜೋಡಿಸುವುದನ್ನು ಎಷ್ಟು ಬೇಗ ಬೇಕಾದರೂ ಮುಗಿಸಿಕೊಳ್ಳಲಿ.

ಹಾಗಾದರೆ ಹೇಳಿದ ಹೊತ್ತಿಗೇ ಬಂದ ಪುಣ್ಯಾತ್ಮರಿಗೆ ಏನು ಕೊಡೋದು? ಬೇಯಿಸಿದ ಕಡಲೆಕಾಯಿ, ಖಾರ ಹಾಕಿದ ಕಡಲೆಪುರಿ. ಜೊತೆಗೆ ಒಂದು ತವಾ ಇಟ್ಟು ಬಂದವರಿಗೆ ಬಂದಂತೆ ಅರ್ಧರ್ಧ ಕೆಜಿ ಚಿಕನ್ ಫ್ರೈ ಇಳಿಸಿಕೊಡಿ, ಉಳಿದ ಹಸಿ ತುಂಡು ಐಸ್ ಪೆಟ್ಟಿಗೆಯಲ್ಲೇ ಇರಲಿ. ಶ್ರೀನಿವಾಸಪುರದ ಪಾರ್ಟಿಯಲ್ಲೂ ಸಾರು, ಕುಷ್ಕ ಮುಟ್ಟದೆ ತವಾದಿಂದ ನೇರ ತಟ್ಟೆಗೆ ಬಿದ್ದದ್ದನ್ನೇ ತಿಂದು ಹೊಟ್ಟೆ ತುಂಬಿಸಿಕೊಂಡ ನಾಲ್ಕು ಜನಕ್ಕೆ ಏನೂ ಆಗಲಿಲ್ಲ.

ಅಡುಗೆಯವರ ಜೊತೆ ಮಾತಾಡುವಾಗ ರೇಟಿಗಿಂತ ಮೊದಲು ಒಂದು ಪ್ರಶ್ನೆ: "ಅಣ್ಣ, ಅವತ್ತು ರಾತ್ರಿ ಬೇರೆ ಆರ್ಡರ್ ಇದೆಯಾ?" ಇದೆ ಎಂದರೆ ಬೇರೆಯವರನ್ನು ನೋಡಿ. ಅವರದು ದುರುದ್ದೇಶವಲ್ಲ, ಸೀಸನ್ನಿನಲ್ಲಿ ಒಂದೇ ದಿನ ಎರಡು ಕಡೆ ಒಪ್ಪಿಕೊಂಡರೆ ಮೊದಲನೆಯದು ಬೇಗ ಮುಗಿಯಲೇಬೇಕು. ಬಾಕಿ ದುಡ್ಡನ್ನು ಬಡಿಸಿ ಮುಗಿದ ಮೇಲೆ ಕೊಡುವ ಮಾತಾಗಲಿ. "ಮಾಡಿಟ್ಟು ಹೋಗ್ತೀನಿ, ನೀವು ಬಿಸಿ ಮಾಡ್ಕೊಳ್ಳಿ" ಎನ್ನುವವರು ಬೇಡವೇ ಬೇಡ.

ಅಳತೆಯೂ ಇದರೊಳಗೇ ಬರುತ್ತದೆ. ಹೆಚ್ಚು ಮಾಡಿದಷ್ಟೂ ಪಾತ್ರೆ ದೊಡ್ಡದು, ಆರುವುದು ನಿಧಾನ, ಉಳಿಯುವುದು ಜಾಸ್ತಿ. 35 ಜನಕ್ಕೆ ಸಾರಿನ ಕೋಳಿ 9 ಕೆಜಿ, ಚಾಪ್ಸ್‌ಗೆ ಮಟನ್ 5 ಕೆಜಿ, ಅಕ್ಕಿ 3 ಕೆಜಿ, ರಾಗಿ ಹಿಟ್ಟು 4 ಕೆಜಿ. ಒಂದು ಕೆಜಿ ಹಿಟ್ಟಿಗೆ ಸುಮಾರು 2 ಲೀಟರ್ ನೀರು, ಸಾಧಾರಣ ಗಾತ್ರದ ಒಂಬತ್ತು ಹತ್ತು ಮುದ್ದೆ. "ನಾನು ಎರಡು ಮುದ್ದೆ ಬಾರಿಸ್ತೀನಿ" ಎಂದು ಗ್ರೂಪಿನಲ್ಲಿ ಹಾಕುವವರನ್ನು ನಂಬಬೇಡಿ, ರಾತ್ರಿ ಹೊತ್ತು ಒಂದೇ ಇಳಿಯುವುದು. ಸಾರನ್ನು ಒಂದೇ ದೊಡ್ಡ ಡಬರಿಯ ಬದಲು ಎರಡರಲ್ಲಿ ಮಾಡಿಸಿ: ಒಂದು 9ಕ್ಕೆ, ಇನ್ನೊಂದು ತಡವಾಗಿ ಬರುವವರಿಗೆ ಅರ್ಧ ಗಂಟೆ ಬಿಟ್ಟು.

ಹಸಿ ಕೋಳಿಯನ್ನು ಬೆಳಗ್ಗೆ ಕೊಯ್ಸಿ ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ತಿರುಗಬೇಡಿ. ಸಂಜೆ 5ಕ್ಕೆ ಹತ್ತಿರದ ಊರಲ್ಲೇ ಕೊಯ್ಸಿ ತಂದರೆ ಸಾಕು. ಕೋಳಿ ಕೊಚ್ಚಿದ ಮಣೆ, ಕತ್ತಿಯಲ್ಲೇ ನಂಚಿಕೊಳ್ಳುವ ಈರುಳ್ಳಿ, ಸೌತೆಕಾಯಿ ಹೆಚ್ಚುವುದು ತೋಟದ ಅಡುಗೆಯಲ್ಲಿ ದಿನಾ ನಡೆಯುವ ತಪ್ಪು. ಸಾರು ಕುದಿಯುತ್ತದೆ, ಈರುಳ್ಳಿ ಕುದಿಯುವುದಿಲ್ಲ. ಎರಡು ಮಣೆ ಮನೆಯಿಂದಲೇ ಒಯ್ಯಿರಿ. ಮೊಸರು ಐಸ್ ಪೆಟ್ಟಿಗೆಯಲ್ಲಿರಲಿ, ಬಜ್ಜಿ ಕಲಸುವುದು ಕೊನೆಗೆ.

ಐಸ್ ವಿಷಯಕ್ಕೆ ಬಂದರೆ, ಐಸ್ ಫ್ಯಾಕ್ಟರಿಯ ದೊಡ್ಡ ಗಡ್ಡೆ ಬಾಟಲಿ ತಣ್ಣಗಿಡುವುದಕ್ಕೆ ಮಾತ್ರ, ಗ್ಲಾಸಿಗಲ್ಲ. ತಿನ್ನಲು ಯೋಗ್ಯವಲ್ಲದ ಐಸ್‌ಗೆ ನೀಲಿ ಬಣ್ಣ ಹಾಕಬೇಕೆಂದು 2018ರಿಂದ ನಿಯಮವಿದೆ. ಬಣ್ಣವಿಲ್ಲ ಎಂದ ಮಾತ್ರಕ್ಕೆ ಒಳ್ಳೆಯದೆಂದು ತಿಳಿಯಬೇಡಿ.

ನೀರಿನ ಲೆಕ್ಕ ಹಿಂದಿನ ದಿನವೇ ಆಗಬೇಕು. ಬೋರ್‌ವೆಲ್ ಮೋಟರಿಗೆ ತ್ರೀ ಫೇಸ್ ಬೇಕು, ಅದು ಇರುವುದು ದಿನದಲ್ಲಿ ಕೆಲವೇ ಗಂಟೆ. ಸಂಜೆ ಬಲ್ಬು ಉರಿಯುತ್ತಿದೆ ಎಂದರೆ ಮೋಟರ್ ಓಡುತ್ತದೆ ಎಂದಲ್ಲ. ತ್ರೀ ಫೇಸ್ ಇದ್ದಾಗಲೇ ಸಿಂಟೆಕ್ಸ್ ತುಂಬಿಸಿಕೊಳ್ಳಿ. ಕೈ ತೊಳೆಯಲು ನೀರಿಲ್ಲದ ಕಡೆ ಬಾಡೂಟ ಮಾಡಿಸಿದರೆ ಮೇಲೆ ಹೇಳಿದ ಥರ್ಮಾಮೀಟರ್ ಇದ್ದೂ ಪ್ರಯೋಜನವಿಲ್ಲ. ಕುಡಿಯಲು ಬೋರ್ ನೀರು ಬೇಡ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡದ ಕಡೆಯೆಲ್ಲ ಫ್ಲೋರೈಡ್ ಇರುವುದು ಗೊತ್ತಿದ್ದದ್ದೇ. ಕೆ.ಸಿ. ವ್ಯಾಲಿ ನೀರು ತುಂಬಿದ ಕೆರೆಯ ಪಕ್ಕದ ತೋಟವಾದರೆ ಇನ್ನೂ ಎಚ್ಚರ. ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಅಂತರ್ಜಲ ಏರಿಸಲು ಬಿಟ್ಟ ನೀರದು, ಕುಡಿಯಲು ಬಿಟ್ಟದ್ದಲ್ಲ. ಊರಿನ ಶುದ್ಧ ನೀರಿನ ಘಟಕದಿಂದ 20 ಲೀಟರಿನ ಆರು ಕ್ಯಾನ್ 35 ಜನಕ್ಕೆ ಸಾಲುತ್ತದೆ.

ಧ್ವನಿವರ್ಧಕ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಹಾಕುವಂತಿಲ್ಲ. ಊಟವನ್ನು 9ಕ್ಕೆ ಇಟ್ಟರೆ ಸ್ಪೀಕರ್ ಆರಿಸುವ ಹೊತ್ತಿಗೆ ಎಲ್ಲರ ಬಾಯಲ್ಲೂ ಮುದ್ದೆ ಇರುತ್ತದೆ, ತಕರಾರು ಮಾಡುವವರು ಕಡಿಮೆ.

ಇಷ್ಟಾಗಿಯೂ ಯಾರಿಗಾದರೂ ವಾಂತಿ ಶುರುವಾದರೆ, ಕುಡಿದದ್ದಕ್ಕೆ ಎಂದು ತಳ್ಳಿಹಾಕುವ ಮುಂಚೆ ಇನ್ನೊಬ್ಬರಿಗೂ ಆಗಿದೆಯಾ ಕೇಳಿ. ಇಬ್ಬರಿಗೆ ಆದ ಕೂಡಲೇ ಎಲ್ಲರ ತಟ್ಟೆ ನಿಲ್ಲಿಸಿ. ವಾಂತಿ ಮಾಡಿದವರನ್ನು ಅಂಗಾತ ಮಲಗಿಸಬೇಡಿ, ಮಗ್ಗುಲಿಗೆ ಮಲಗಿಸಿ, ಪಕ್ಕದಲ್ಲಿ ಒಬ್ಬರು ಎಚ್ಚರವಾಗಿರಲಿ. ಒಆರ್‌ಎಸ್ ಪೊಟ್ಟಣ ಹತ್ತಾದರೂ ಡಬ್ಬದಲ್ಲಿರಲಿ. ದೊಡ್ಡ ಪೊಟ್ಟಣ 1 ಲೀಟರಿಗೆ, ಚಿಕ್ಕದು 200 ಮಿಲಿ ನೀರಿಗೆ. ಪೊಟ್ಟಣದ ಮೇಲೆ ಬರೆದದ್ದನ್ನು ಓದಿಯೇ ಕಲಸಿ, ಗಟ್ಟಿಯಾದರೆ ಉಪಕಾರಕ್ಕಿಂತ ಅಪಾಯ. ಪೊಟ್ಟಣವಿಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ ಸಕ್ಕರೆ 6 ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಮಟ್ಟವಾಗಿ. ಒಂದೇ ಸಲ ಗಟಗಟ ಕುಡಿಸಬೇಡಿ, ಗುಟುಕು ಗುಟುಕಾಗಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ಹಂಚಬೇಡಿ. ಭೇದಿಯಲ್ಲಿ ರಕ್ತ, ಜೋರು ಜ್ವರ, ನೀರೂ ನಿಲ್ಲದ ವಾಂತಿ, ಗಂಟೆಗಟ್ಟಲೆ ಮೂತ್ರ ಬಾರದಿರುವುದು, ಮಂಪರು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಗರ್ಭಿಣಿ, ಮಗು, ವಯಸ್ಸಾದವರಿದ್ದರೆ ಅಷ್ಟೂ ಕಾಯಬೇಡಿ. ಕುಡಿದವರ ಕೈಗೆ ಸ್ಟೀರಿಂಗ್ ಕೊಟ್ಟು ಆಸ್ಪತ್ರೆಗೆ ಹೊರಡುವುದಂತೂ ಬೇಡ. ತೋಟಕ್ಕೆ ತಿರುಗುವ ದಾರಿ ಯಾವ ದೇವಸ್ಥಾನದ ಪಕ್ಕ, ಯಾವ ಟ್ರಾನ್ಸ್‌ಫಾರ್ಮರ್ ಹತ್ತಿರ ಎಂದು ಹೇಳಲು ಬರುವ ಒಬ್ಬರು ಎಚ್ಚರವಾಗಿರಬೇಕು, ಮ್ಯಾಪಿನ ಪಿನ್ ಎಷ್ಟೋ ಸಲ ಪಕ್ಕದ ತೋಟಕ್ಕೆ ಕರೆದೊಯ್ಯುತ್ತದೆ. ಯಾರು ಏನು ತಿಂದರು, ಎಷ್ಟು ಗಂಟೆಗೆ ಶುರುವಾಯಿತು ಎಂದು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿ. "ಊಟ ಏನೋ ಆಗಿಬರಲಿಲ್ಲ ಸಾರ್" ಎನ್ನುವುದಕ್ಕಿಂತ ಅದು ಉಪಯೋಗಕ್ಕೆ ಬರುತ್ತದೆ.

ಕೊನೆಗೆ ಉಳಿದ ಸಾರು. ನಮ್ಮ ಕಡೆ ಉಳಿದದ್ದನ್ನು ಚೆಲ್ಲಲು ಕೈ ಬರುವುದಿಲ್ಲ, ಮಧ್ಯರಾತ್ರಿ ಕ್ಯಾರಿಯರ್ ತುಂಬಿ "ಅಮ್ಮನಿಗೆ ಕೊಡು ಮಗಾ" ಎಂದು ಕಳಿಸುತ್ತಾರೆ. ಶ್ರೀನಿವಾಸಪುರದಿಂದಲೂ ಎರಡು ಕ್ಯಾರಿಯರ್ ಹೊರಟಿದ್ದವು, ಪಾರ್ಟಿಗೆ ಬಾರದಿದ್ದ ಮನೆಯವರು ಭಾನುವಾರ ಮಧ್ಯಾಹ್ನ ಅದನ್ನೇ ಉಂಡು ಹೊಟ್ಟೆ ಕೆಟ್ಟು ಮಲಗಿದರು. ಕಟ್ಟಿ ಕಳಿಸುವುದಿದ್ದರೆ ಊಟಕ್ಕೆ ಮುಂಚೆಯೇ ಕುದಿಯುವ ಡಬರಿಯಿಂದ ತೆಗೆದು, ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ಎತ್ತರಕ್ಕಿಂತ ಕಡಿಮೆ ಹರಡಿ ಆರಿಸಿ, ಡಬ್ಬಕ್ಕೆ ಹಾಕಿ ಐಸ್ ಪೆಟ್ಟಿಗೆಯಲ್ಲೇ ಕಳಿಸಿ. ರಾತ್ರಿ 12ರ ಹೊತ್ತಿಗೆ ಡಬರಿಯ ತಳದಲ್ಲಿ ಆರಿ ಕೂತದ್ದನ್ನು ಯಾರ ಮನೆಗೂ ಕಟ್ಟಬೇಡಿ.