ಕಾಲೇಜು ಸಿನಿಮಾ ಮುಗೀತು, ಈಗ ತೋರಿಸೋದು ಎಲ್ಲಿ?

ಮೊದಲೇ ಹೇಳಿಬಿಡುತ್ತೇನೆ. ವಿದ್ಯಾರ್ಥಿಗಳು ಕೈದುಡ್ಡು ಹಾಕಿ ಮಾಡಿದ ಸಿನಿಮಾಕ್ಕೆ ಗಾಂಧಿನಗರದಲ್ಲಿ ವಿತರಕರು ಸಿಗುವುದಿಲ್ಲ. ಹುಡುಕಿಕೊಂಡು ಚಪ್ಪಲಿ ಸವೆಸಬೇಡಿ. ಆ ಕೆಲಸ ನಾವೇ ಮಾಡಿಕೊಳ್ಳಬೇಕು. ಅದಕ್ಕಿರುವ ದಾರಿಗಳು ಚಿತ್ರೋತ್ಸವ, ಥಿಯೇಟರ್, ಓಟಿಟಿ, ಯೂಟ್ಯೂಬ್, ಮತ್ತೆ ಊರೂರಿನ ಸಣ್ಣ ಹಾಲ್‌ಗಳು. ನಮ್ಮ 38 ನಿಮಿಷದ ಕುಂದಾಪ್ರ ಕನ್ನಡದ ಸಿನಿಮಾ ಹಿಡಿದುಕೊಂಡು ಎಲ್ಲ ಕಡೆಯೂ ಸುತ್ತಿದ್ದೇವೆ.

ಅದಕ್ಕೂ ಮುಂಚೆ ಒಂದು ವಿಷಯ. ಸಿನಿಮಾ ನಿಜಕ್ಕೂ ನಿಮ್ಮದೇನಾ? ಕಾಲೇಜಿನ ಕ್ಯಾಮೆರಾ, ಕಾಲೇಜಿನ ಎಡಿಟಿಂಗ್ ರೂಮ್ ಬಳಸಿ ಮಾಡಿದ ಡಿಪ್ಲೊಮಾ ಸಿನಿಮಾದ ಹಕ್ಕು ಎಷ್ಟೋ ಕಡೆ ಕಾಲೇಜಿಗೇ ಸೇರಿರುತ್ತದೆ. ಅಡ್ಮಿಷನ್ ದಿನ ಸಹಿ ಹಾಕಿದ ಕಾಗದದಲ್ಲೇ ಅದು ಇರುತ್ತದೆ, ಯಾರೂ ಓದಿರುವುದಿಲ್ಲ ಅಷ್ಟೇ. ಕಾಲೇಜಿನಿಂದ ಒಂದು ಎನ್‌ಒಸಿ, ಅಂದರೆ ನಮ್ಮ ಅಭ್ಯಂತರ ಇಲ್ಲ ಅನ್ನುವ ಪತ್ರ, ಬರೆಸಿಕೊಳ್ಳಿ. ನಟಿಸಿದವರಿಂದ, ಸಂಗೀತ ಮಾಡಿದವರಿಂದಲೂ ಒಂದೊಂದು ಸಹಿ ಇರಲಿ. ಗೆಳೆಯನ ಹತ್ತಿರ ಸಹಿ ಕೇಳೋಕೆ ಮುಜುಗರ ಆಗುತ್ತದೆ, ನಿಜ. ಆದರೆ ಮುಂದೆ ಯಾವ ಬಾಗಿಲಿಗೆ ಹೋದರೂ ಮೊದಲು ಕೇಳುವುದು ಇದೇ ಕಾಗದಗಳನ್ನ.

ಚಿತ್ರೋತ್ಸವಗಳ ಅರ್ಜಿ ಈಗ ಹೆಚ್ಚಾಗಿ ಹೋಗುವುದು ಫಿಲ್ಮ್‌ಫ್ರೀವೇ ಅನ್ನುವ ವೆಬ್‌ಸೈಟ್ ಮೂಲಕ. ಅಕೌಂಟ್ ಪುಕ್ಕಟೆ. ಆದರೆ ಒಂದೊಂದು ಉತ್ಸವಕ್ಕೂ ಬೇರೆ ಬೇರೆ ಫೀಸು, ಹೊರದೇಶದ್ದಾದರೆ ಡಾಲರ್ ಲೆಕ್ಕ. ಸಾಮಾನ್ಯವಾಗಿ ಕೊನೇ ದಿನ ಹತ್ತಿರವಾದಷ್ಟೂ ರೇಟು ಏರುತ್ತದೆ. ವಿದ್ಯಾರ್ಥಿಗಳಿಗೆ ಕಡಿಮೆ ಮಾಡುವವರಿದ್ದಾರೆ, ಕೇಳಿ ನೋಡಬೇಕು. ನಮ್ಮ ಸುತ್ತಮುತ್ತ ತೂಕ ಇರುವಂಥವು ಅಂದರೆ ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ, ಸಾಕ್ಷ್ಯಚಿತ್ರ, ಕಿರುಚಿತ್ರಗಳಿಗೇ ಮೀಸಲಾದ ತಿರುವನಂತಪುರದ ಐಡಿಎಸ್‌ಎಫ್‌ಎಫ್‌ಕೆ, ಎರಡು ವರ್ಷಕ್ಕೊಮ್ಮೆ ನಡೆಯುವ ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವ ಮಿಫ್. ಇಂಥಲ್ಲಿ ಆಯ್ಕೆಯಾದರೆ ನಾಳೆ ಯಾರ ಹತ್ತಿರವಾದರೂ ಕೆಲಸ ಕೇಳುವಾಗ ಮಾತು ನಡೆಯುತ್ತದೆ. ದುಡ್ಡಿನ ಮಾತು ಮಾತ್ರ ಎತ್ತಬೇಡಿ.

ಇಲ್ಲಿ ನಮಗೆ ಅಡ್ಡ ಬಂದಿದ್ದು ಉದ್ದ. ಆಸ್ಕರ್ ನಿಯಮದ ಪ್ರಕಾರ ಟೈಟಲ್‌ಗಳೂ ಸೇರಿ 40 ನಿಮಿಷದೊಳಗಿದ್ದರೆ ಕಿರುಚಿತ್ರ. ಆ ಲೆಕ್ಕದಲ್ಲಿ ನಾವು ಪಾಸು. ಆದರೆ ಉತ್ಸವದವರು ಕಿರುಚಿತ್ರಗಳನ್ನು ಸುಮಾರು ಒಂದೂವರೆ ಗಂಟೆಯ ಗೊಂಚಲಾಗಿ ತೋರಿಸುತ್ತಾರೆ. ಅದರಲ್ಲಿ 38 ನಿಮಿಷ ಒಬ್ಬರಿಗೇ ಕೊಟ್ಟರೆ ಬೇರೆ ಮೂರು ಚಿತ್ರಕ್ಕೆ ಜಾಗ ಇಲ್ಲ. ಗುಣದಲ್ಲಿ ಎರಡೂ ಒಂದೇ ಅಂತಾದರೆ 12 ನಿಮಿಷದ್ದಕ್ಕೇ ಸೀಟು. ಸ್ಕ್ರಿಪ್ಟ್ ಬರೆಯುತ್ತಿರುವವರು ಇದನ್ನು ಈಗಲೇ ಕಿವಿಗೆ ಹಾಕಿಕೊಳ್ಳಿ.

ಇನ್ನೊಂದು ಜಾತಿಯ ಉತ್ಸವಗಳಿವೆ. ತಿಂಗಳಿಗೊಂದು ನಡೆಯುತ್ತವೆ, ಹಾಲ್ ಇಲ್ಲ, ಪ್ರೇಕ್ಷಕರಿಲ್ಲ, ಫೀಸು ಕಟ್ಟಿದವರಿಗೆಲ್ಲ ಪ್ರಶಸ್ತಿ. ಪೋಸ್ಟರ್ ತುಂಬ ಪ್ರಶಸ್ತಿಯ ಗುರುತಾದ ಎಲೆಗಳ ಚಿತ್ರ ಅಂಟಿಸಿಕೊಂಡು ಅಜ್ಜಿಗೆ ತೋರಿಸಬಹುದು. ಇಂಡಸ್ಟ್ರಿಯವರು ನೋಡಿ ನಗುತ್ತಾರೆ.

ಥಿಯೇಟರ್ ಆಸೆ ಎಲ್ಲರಿಗೂ ಇರುತ್ತದೆ, ನಮಗೂ ಇತ್ತು. ಆದರೆ ಸುಮ್ನೆ ಒಂದು ಸ್ಕ್ರೀನ್ ಬಾಡಿಗೆಗೆ ಕೇಳಿದರೂ ಬರುವ ಮೊದಲ ಪ್ರಶ್ನೆ ಸೆನ್ಸಾರ್ ಸರ್ಟಿಫಿಕೇಟ್. 1952ರ ಸಿನಿಮಾಟೋಗ್ರಾಫ್ ಕಾಯ್ದೆ ಅದು, ಬೇಡ ಅನ್ನುವ ಹಾಗಿಲ್ಲ. ನಮ್ಮ ಸಿನಿಮಾದಲ್ಲಿ ಅಜ್ಜ ಜಗಲಿ ಮೇಲೆ ಕೂತು ಬೀಡಿ ಸೇದುತ್ತಾನೆ, ಅಂಗಳದಲ್ಲಿ ದನ ಕಟ್ಟಿದೆ. ನೋಡೋಕೆ ಎಷ್ಟು ಸಾದಾ ಸೀನು, ಅಲ್ವಾ? ಬೀಡಿಗೆ ಪರದೆಯ ಕೆಳಗೆ ಎಚ್ಚರಿಕೆ ಸಾಲು, ಸಿನಿಮಾದ ಶುರುವಿನಲ್ಲೂ ಮಧ್ಯದಲ್ಲೂ ತಂಬಾಕು ವಿರೋಧಿ ಜಾಹೀರಾತು. ದನಕ್ಕೆ ಪ್ರಾಣಿ ಕಲ್ಯಾಣ ಮಂಡಳಿಯ ಎನ್‌ಒಸಿ, ಅದರ ಕಚೇರಿ ಇರುವುದು ಹರಿಯಾಣದ ಬಲ್ಲಭಗಢದಲ್ಲಿ. ಕುಂದಾಪುರದ ದನಕ್ಕೆ ಹರಿಯಾಣದಿಂದ ಒಪ್ಪಿಗೆ!

ಇಷ್ಟೆಲ್ಲ ಮುಗಿಸಿದರೂ ಡಿಸಿಪಿ, ಅಂದರೆ ಥಿಯೇಟರಿನ ಪ್ರೊಜೆಕ್ಟರಿಗೆ ಹೊಂದುವ ಡಿಜಿಟಲ್ ಫೈಲು, ಬೇಕು. ಅದನ್ನು ಡಿಸಿಪಿ-ಒ-ಮ್ಯಾಟಿಕ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಮನೆಯಲ್ಲೇ ಮಾಡಬಹುದು, ಒಳ್ಳೆಯದೇ ಬರುತ್ತದೆ. ಆದರೆ ಮಾಮೂಲಿ ಹಾರ್ಡ್‌ಡಿಸ್ಕ್‌ಗೆ ಕಾಪಿ ಹೊಡೆದು ಒಯ್ದರೆ ಥಿಯೇಟರಿನ ಸರ್ವರ್ ಎಷ್ಟೋ ಸಲ ಅದನ್ನು ಓದುವುದೇ ಇಲ್ಲ. ಲಿನಕ್ಸ್ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು. ಅದೇ ಸಾಫ್ಟ್‌ವೇರಿನ ಜೊತೆ ಬರುವ ಡಿಸ್ಕ್ ರೈಟರ್ ಅದನ್ನೂ ಮಾಡಿಕೊಡುತ್ತದೆ. ಸರಿಯಾಗಿ ಬಿಡುಗಡೆಯೇ ಮಾಡುತ್ತೇನೆ ಅಂದರೆ ಸಿಂಗಲ್ ಸ್ಕ್ರೀನಿಗೆ ವಾರದ ಬಾಡಿಗೆ, ಮಲ್ಟಿಪ್ಲೆಕ್ಸಿಗೆ ಪಾಲು, ಮೇಲೆ ಡಿಜಿಟಲ್ ಕಂಪನಿಯ ವಿಪಿಎಫ್, ಅಂದರೆ ಡಿಜಿಟಲ್ ಪ್ರೊಜೆಕ್ಷನ್ನಿಗೆ ಅವರು ವಸೂಲು ಮಾಡುವ ಶುಲ್ಕ. ಇದೇ ಶುಲ್ಕದ ಜಗಳಕ್ಕೆ 2018ರ ಮಾರ್ಚ್‌ನಲ್ಲಿ ದಕ್ಷಿಣದ ದೊಡ್ಡ ನಿರ್ಮಾಪಕರೇ ಬಿಡುಗಡೆ ನಿಲ್ಲಿಸಿದ್ದರು. ನಾವು ಯಾವ ಲೆಕ್ಕ? ಫೀಚರ್ ಮಾಡಿದವರು ಯೋಚಿಸಬಹುದು. ಕಿರುಚಿತ್ರದವರು ಈ ಆಸೆ ಬಿಟ್ಟರೆ ಮನೆ ಉಳಿಯುತ್ತದೆ.

ಓಟಿಟಿ ಬಗ್ಗೆ ಜಾಸ್ತಿ ಬರೆಯೋಕೆ ಏನೂ ಇಲ್ಲ. ದೊಡ್ಡ ವೇದಿಕೆಗಳು ನೇರವಾಗಿ ವಿದ್ಯಾರ್ಥಿಗಳ ಮೇಲ್ ತೆರೆಯುವುದಿಲ್ಲ. ಮಧ್ಯವರ್ತಿ ಕಂಪನಿ ಬೇಕು, ಅವರು ಕೇಳುವುದು ದುಡ್ಡು ಅಥವಾ ಪಾಲು. ಅಮೆಜಾನ್‌ನ ಪ್ರೈಮ್ ವಿಡಿಯೋ ಡೈರೆಕ್ಟ್ ಅನ್ನುವ ದಾರಿ ಒಂದಿತ್ತು. 2021ರಲ್ಲಿ ಅದೂ ಕಿರುಚಿತ್ರ, ಸಾಕ್ಷ್ಯಚಿತ್ರ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಕನ್ನಡದ ಮಟ್ಟಿಗೆ ಪರಿಸ್ಥಿತಿ ಹೇಗಿದೆ ಅಂದರೆ, ರಕ್ಷಿತ್ ಶೆಟ್ಟಿಯಂಥವರೇ 2024ರಲ್ಲಿ ತಮ್ಮ ‘ಏಕಂ’ ಸರಣಿಯನ್ನು ಸ್ವಂತ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಬೇಕಾಯಿತು.

ಯೂಟ್ಯೂಬ್‌ನಲ್ಲಿ ಸೆನ್ಸಾರ್ ಕಾಟ ಇಲ್ಲ, ಬಾಡಿಗೆ ಇಲ್ಲ, ಇವತ್ತು ಹಾಕಿದರೆ ಇವತ್ತೇ ಬಿಡುಗಡೆ. ಹೋಟೆಲ್ ಸೀನಿನಲ್ಲಿ ಹಿಂದೆ ರೇಡಿಯೋ ಹಾಡು ಕೇಳುತ್ತಿದ್ದರೆ ಮಾತ್ರ ಹುಷಾರು, ಹಾಡು ಪತ್ತೆ ಮಾಡುವ ಅಲ್ಲಿನ ಕಂಟೆಂಟ್ ಐಡಿ ವ್ಯವಸ್ಥೆ ಹಿಡಿದರೆ ಜಾಹೀರಾತಿನ ದುಡ್ಡು ಹಾಡಿನ ಕಂಪನಿಗೆ ಹೋಗಬಹುದು. ಸ್ವಂತ ಚಾನೆಲ್‌ಗೆ ಜಾಹೀರಾತು ದುಡ್ಡು ಬರಬೇಕಾದರೆ 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಬೇಕು. ಒಂದೇ ಸಿನಿಮಾ ಇರುವ ಚಾನೆಲ್‌ಗೆ ಅದು ದೂರದ ಮಾತು. ಹಾಗಾಗಿ ಕಿರುಚಿತ್ರಗಳನ್ನೇ ಹಾಕುವ ದೊಡ್ಡ ಚಾನೆಲ್ ಒಂದರ ಜೊತೆ ಮಾತಾಡಿದೆವು. ನೋಡುವವರು ಅಲ್ಲಿ ಮೊದಲೇ ಇದ್ದಾರೆ, ಅದು ನಿಜವಾದ ಲಾಭ. ಆದರೆ ಅವರು ಕಳಿಸಿದ ಒಪ್ಪಂದದಲ್ಲಿ ಸಿನಿಮಾದ ಹಕ್ಕು ಶಾಶ್ವತವಾಗಿ, ಜಗತ್ತಿನಾದ್ಯಂತ, ಅವರಿಗೊಬ್ಬರಿಗೇ ಅಂತಿತ್ತು. ಅವಧಿಗೆ ಮಿತಿ ಹಾಕಿ ಅಂದೆವು. ಉತ್ತರವೇ ಬರಲಿಲ್ಲ. ಸ್ವಂತ ಚಾನೆಲ್‌ಗೇ ಹಾಕಿದೆವು. ಮೊದಲು ಹಂಚಿಕೊಂಡವರು ದುಬೈ, ಬಹರೇನ್‌ನಲ್ಲಿರುವ ನಮ್ಮೂರ ಕಡೆಯವರು. ಆಮೇಲೆ ನಿಂತುಹೋಯಿತು. ಎಷ್ಟೋ ಜನ ಐದು ನಿಮಿಷಕ್ಕೇ ಎದ್ದು ಹೋಗಿದ್ದಾರೆ ಅಂತ ಅಲ್ಲಿನ ಗ್ರಾಫ್ ನಿರ್ದಾಕ್ಷಿಣ್ಯವಾಗಿ ತೋರಿಸುತ್ತದೆ.

ನನ್ನ ಓಟು ಸಣ್ಣ ಹಾಲ್‌ಗಳಿಗೆ. ಕರ್ನಾಟಕದಲ್ಲಿ ಇದಕ್ಕೆ ಒಳ್ಳೇ ನೆಲ ಇದೆ. ಬೆಂಗಳೂರಿನ ಸುಚಿತ್ರಾ ಫಿಲ್ಮ್ ಸೊಸೈಟಿ 1971ರದ್ದು. ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ 1973ರಲ್ಲೇ ಶುರುವಾಗಿ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿತು. ಚಿಕ್ಕ ಊರುಗಳಲ್ಲೂ ಸಾಹಿತ್ಯದ ಬಳಗ, ನಾಟಕದ ತಂಡ, ಕಾಲೇಜಿನ ಪತ್ರಿಕೋದ್ಯಮ ವಿಭಾಗ ಇದ್ದೇ ಇರುತ್ತವೆ. ಒಂದು ಫೋನ್ ಮಾಡಿದರೆ “ಬನ್ನಿ ಸರ್, ಶನಿವಾರ ಇಟ್ಕೊಳ್ಳೋಣ” ಅನ್ನುವವರು ಸಿಗುತ್ತಾರೆ. ಬಸ್ ಚಾರ್ಜು, ಊಟ ಅವರದ್ದು. ಕೆಲವು ಕಡೆ ಕೊನೆಗೆ ಒಂದು ಡಬ್ಬಿ ತಿರುಗಿಸಿ ಕೂಡಿದ್ದನ್ನು ಕೈಗಿಟ್ಟರು. ಯೂಟ್ಯೂಬ್‌ನಿಂದ ಬಂದದ್ದಕ್ಕಿಂತ ಅದೇ ಜಾಸ್ತಿ. ಒಂದು ಎಚ್ಚರ: ಸರ್ಟಿಫಿಕೇಟ್ ಇಲ್ಲದ ಸಿನಿಮಾವನ್ನು ಪೋಸ್ಟರ್ ಹಚ್ಚಿ, ಟಿಕೆಟ್ ಮಾರಿ ಊರಿಗೆಲ್ಲ ತೋರಿಸೋಕೆ ಹೋಗಬೇಡಿ. ಸಂಘದ ಸದಸ್ಯರಿಗೆ, ಕಾಲೇಜಿನ ಒಳಗೆ ತೋರಿಸಿ.

ಹಾಲ್‌ಗಳ ಕಷ್ಟ ಸೌಂಡು. 5.1 ಮಿಕ್ಸ್, ಅಂದರೆ ಆರು ಚಾನೆಲ್‌ಗೆ ಹಂಚಿದ ಸೌಂಡು, ಇರುವ ಫೈಲನ್ನು ಲ್ಯಾಪ್‌ಟಾಪಿನಿಂದ ಎರಡೇ ಸ್ಪೀಕರಿಗೆ ಕೊಟ್ಟರೆ ಮಾತು ಮುಳುಗಿ ಗಾಳಿ, ಮಳೆ ಮಾತ್ರ ಕೇಳಬಹುದು. ಮಾತು ಇರುವುದು ಮಧ್ಯದ ಚಾನೆಲ್‌ನಲ್ಲಿ, ಅದಕ್ಕೆ. ಬೇರೆಯಾಗಿ ಒಂದು ಸ್ಟೀರಿಯೋ ಫೈಲ್ ಪೆನ್‌ಡ್ರೈವ್‌ನಲ್ಲಿರಲಿ, ಎಚ್‌ಡಿಎಂಐ ಕೇಬಲ್ಲೂ ನಿಮ್ಮದೇ ಇರಲಿ, ಉದ್ದದ್ದು.

ಆದರೆ ಅಲ್ಲಿ ಸಿಗುವುದು ಬೇರೆಲ್ಲೂ ಸಿಗುವುದಿಲ್ಲ. ಬೆಂಗಳೂರಿನಲ್ಲಿ ಒಬ್ಬರೂ ತುಟಿ ಬಿಚ್ಚದ ಒಂದು “ಹ್ವಾಯ್”ಗೆ ಕುಂದಾಪುರದಲ್ಲಿ ಹಾಲ್‌ಗೆ ಹಾಲೇ ನಕ್ಕಿತು. ಮೈಸೂರಿನಲ್ಲಿ ಒಬ್ಬ ಮೇಷ್ಟ್ರು ಎದ್ದು, ಎರಡನೇ ಸಾವಿನ ಸೀನು ಯಾಕೆ ಬೇಕಿತ್ತು ಅಂತ ಕೇಳಿ ಕೂರಲೇ ಇಲ್ಲ, ಉತ್ತರ ಕೊಡುವ ತನಕ. ಆ ಸೀನು ತೆಗೆದೆವು. ಈಗ ಉತ್ಸವಗಳಿಗೆ ಹೋಗುತ್ತಿರುವುದು 31 ನಿಮಿಷದ್ದು.

ಕ್ರಮ ಮಾತ್ರ ತಿರುಗಾಮುರುಗಾ ಆಗಬಾರದು. ಆನ್‌ಲೈನ್‌ನಲ್ಲಿ ಎಲ್ಲರಿಗೂ ಸಿಗುವ ಸಿನಿಮಾವನ್ನು ಕೆಲವು ಉತ್ಸವಗಳು ಮುಟ್ಟುವುದಿಲ್ಲ. ಆ ನಿಯಮ ಇರುವಲ್ಲಿಗೆ ಕಳಿಸುವುದಾದರೆ ಉತ್ಸವ, ಹಾಲ್‌ಗಳು ಮುಗಿಯುವವರೆಗೆ ಯೂಟ್ಯೂಬ್ ಬೇಡ, ಆಯ್ಕೆದಾರರಿಗೆ ಪಾಸ್‌ವರ್ಡ್ ಹಾಕಿದ ಲಿಂಕ್ ಸಾಕು. ಆ ಪಾಸ್‌ವರ್ಡನ್ನು ಅರ್ಜಿ ಹಾಕಿದ ಮೇಲೆ ಬದಲಾಯಿಸಬೇಡಿ.