ಒಂದೇ ದೋಣಿ, ನಾಲ್ಕು ಬಗೆಯ ಅಳತೆ

ದೋಣಿಗೆ ಹೊದಿಕೆ ಹೊಲಿಯುವವರಿಗೆ ಅಳತೆ ಸರಿಯಾದರೆ ಅರ್ಧ ಕೆಲಸ ಮುಗಿದಂತೆ. ಪ್ಲಾಸ್ಟಿಕ್ ಹಾಳೆ ಹಾಸಿ ಗುರುತು ಹಾಕುವ ಹಳೆಯ ಪದ್ಧತಿಯನ್ನೂ ಮೂರು ಡಿಜಿಟಲ್ ವಿಧಾನಗಳನ್ನೂ ಒಂದೇ ದೋಣಿಯ ಮೇಲೆ ಪ್ರಯೋಗಿಸಿ ನೋಡಿದೆ. ಸುಮಾರು 6 ಮೀಟರ್ ಉದ್ದದ ದೋಣಿ. ಮುಂದೆ ಉಕ್ಕಿನ ಕಂಬಿ, ನಡುವೆ ಬಾಗಿದ ಗಾಜು, ಅಂಚಿನುದ್ದಕ್ಕೂ ಒತ್ತುಗುಂಡಿಗಳು.

ಮೊದಲು ಲೈಡಾರ್, ಅಂದರೆ ಲೇಸರ್ ಬೆಳಕು ಹಾಯಿಸಿ ದೂರ ಅಳೆಯುವ ಸಾಧನ, ಇರುವ ಮೊಬೈಲ್ ಹಿಡಿದು ಒಂದು ಸುತ್ತು ಬಂದೆ. ಕೆಲವೇ ನಿಮಿಷಗಳಲ್ಲಿ ಇಡೀ ದೋಣಿ ಪರದೆಯ ಮೇಲೆ ಮೂಡಿತು. ಆದರೆ ಹೊಳೆಯುವ ಕಂಬಿ ತುಂಡು ತುಂಡಾಗಿತ್ತು, ಗಾಜಿದ್ದಲ್ಲಿ ತೂತು. ಗುಂಡಿಗಳ ನಡುವಿನ ಅಂತರವನ್ನು ಟೇಪಿನಿಂದ ತಾಳೆ ನೋಡಿದರೆ ಒಂದೆರಡು ಸೆಂಟಿಮೀಟರ್ ಆಚೀಚೆ. ಅರ್ಧ ಸೆಂಟಿಮೀಟರ್ ತಪ್ಪಿದರೂ ನೆರಿಗೆ ಬೀಳುವ ಕೆಲಸವಿದು. ಬಟ್ಟೆ ಎಷ್ಟು ತರಬೇಕೆಂಬ ಅಂದಾಜಿಗೆ ಮಾತ್ರ ಇದನ್ನು ನಂಬುತ್ತೇನೆ.

ಎರಡನೆಯದು ಫೋಟೊಗಳಿಂದ ಅಳೆಯುವುದು. ಗುರುತಿನ ಸ್ಟಿಕ್ಕರ್‌ಗಳನ್ನು ಅಂಟಿಸಿ, ಉದ್ದ ಗೊತ್ತಿರುವ ಪಟ್ಟಿಯೊಂದನ್ನು ಅವುಗಳ ಪಕ್ಕದಲ್ಲಿಟ್ಟು, ಸುತ್ತಲಿಂದ ಚಿತ್ರ ತೆಗೆಯಬೇಕು. ಸ್ಟಿಕ್ಕರ್‌ಗಳೂ ಪಟ್ಟಿಯೂ ದೋಣಿಯ ಮೇಲೆಯೇ ಇರುವುದರಿಂದ ಅದು ನೀರಿನಲ್ಲಿ ತೂಗಾಡಿದರೂ ಲೆಕ್ಕ ಕೆಡುವುದಿಲ್ಲ. ನಿಖರತೆಯೂ ಮೆಚ್ಚುವಂತಿತ್ತು. ಆದರೆ ತಪ್ಪು ಗೊತ್ತಾಗುವುದು ಕಂಪ್ಯೂಟರ್ ಮುಂದೆ ಕುಳಿತ ಮೇಲೆ. ಒಂದೇ ಚಿತ್ರದಲ್ಲಿ ಕಂಡ ಸ್ಟಿಕ್ಕರ್‌ನ ಜಾಗ ಲೆಕ್ಕಕ್ಕೆ ಸಿಗುವುದಿಲ್ಲ. ಅಂಥ ಎರಡಕ್ಕಾಗಿ ಮತ್ತೆ ದೋಣಿಯ ಬಳಿಗೆ ಹೋಗಬೇಕಾಯಿತು.

ನನ್ನ ಮನಸ್ಸು ಗೆದ್ದದ್ದು ತಂತಿಯ ತುದಿಗೆ ಪೆನ್ನು ಇರುವ ಯಂತ್ರ. ಈ ಬಗೆಯಲ್ಲಿ ಪ್ರೋಲೈನರ್ ಹೆಸರಾದದ್ದು. ಪೆನ್ನು ತಾಗಿಸಿದಲ್ಲೆಲ್ಲ, ತಂತಿ ಎಷ್ಟು ಹೊರಬಂದಿದೆ, ಯಾವ ಕೋನದಲ್ಲಿದೆ ಎಂಬುದರಿಂದ ಆ ಬಿಂದುವಿನ ಸ್ಥಾನ ಸಿಗುತ್ತದೆ. ಯಂತ್ರವನ್ನು ದೋಣಿಯೊಳಗೇ ಭದ್ರವಾಗಿ ನಿಲ್ಲಿಸಿದರೆ ತೂಗಾಟದ ಚಿಂತೆಯಿಲ್ಲ.

ಅದನ್ನು ಮೆಚ್ಚಲು ಇನ್ನೊಂದು ಕಾರಣವಿದೆ. ಹೊದಿಕೆ ದೋಣಿಯ ಮೈಗೆ ಅಂಟಿಕೊಂಡಿರುವುದಿಲ್ಲ. ಕಂಬಿಯಿಂದ ಗಾಜಿನ ಮೇಲಂಚಿಗೆ ಗಾಳಿಯಲ್ಲೇ ಹಾದುಹೋಗುತ್ತದೆ. ಅಲ್ಲಿ ಸ್ಕ್ಯಾನ್ ಮಾಡಲು ಏನೂ ಇಲ್ಲ. ಹೊಲಿಗೆ ಬರುವ ದಾರಿಯಲ್ಲಿ ಮೊದಲು ನೂಲು ಕಟ್ಟಿದೆ. ಪೆನ್ನು ಒತ್ತಿದೊಡನೆ ಅದು ತಗ್ಗಿತು. ಆಮೇಲೆ ನಾರಿನ ಎಳೆಗಳಿರುವ ಅಂಟುಪಟ್ಟಿಯನ್ನು ಬಿಗಿಯಾಗಿ ಎಳೆದು, ಪೆನ್ನಿನ ತುದಿಯನ್ನು ಅದರ ಅಂಚಿಗೆ ಹಗುರವಾಗಿ ಸೋಕಿಸುತ್ತ ಹೋದೆ. ಪ್ರತಿ ಗೆರೆಯೂ ಎಲ್ಲಿ ಬರಬೇಕೆಂದು ಆಗಲೇ ತೀರ್ಮಾನಿಸಬೇಕಾಗುತ್ತದೆ. ಹೊಲಿಯುವವರಿಗೆ ಬೇಕಾದದ್ದೇ ಅದು.

ಹಾಗೆಂದು ಪ್ಲಾಸ್ಟಿಕ್ ಹಾಳೆಯನ್ನು ಕೈಬಿಟ್ಟಿಲ್ಲ. ದೋಣಿಯ ಮೂತಿ ಎರಡೂ ಕಡೆಗೆ ಬಾಗಿರುತ್ತದೆ. ಆ ಆಕಾರವನ್ನು ತಂತ್ರಾಂಶ ಚಪ್ಪಟೆ ಮಾಡಿಕೊಡುತ್ತದೆ ನಿಜ, ಆದರೆ ಬಟ್ಟೆ ಓರೆಯಾಗಿ ಎಳೆದಾಗ ಎಷ್ಟು ಹಿಗ್ಗುತ್ತದೆ ಎಂಬುದು ಕೈಗೆ ತಿಳಿದಷ್ಟು ಅದಕ್ಕೆ ತಿಳಿಯುವುದಿಲ್ಲ. ಹಾಳೆಯಲ್ಲಾದರೆ ಎಲ್ಲಿ ಮಡಿಕೆ ತೆಗೆಯಬೇಕೆಂಬುದು ಕಣ್ಣೆದುರೇ ಕಾಣುತ್ತದೆ. ಮೂತಿಯ ಹಾಳೆಯನ್ನು ಮೇಜಿನ ಮೇಲೆ ಹರಡಿ, ಅದೇ ಪೆನ್ನಿನಿಂದ ಅಂಚು ಓಡಿಸಿ ಕಂಪ್ಯೂಟರಿಗೆ ಸೇರಿಸಿದೆ. ಈಗ ಇಡೀ ಹೊದಿಕೆ ಒಂದು ಕಡತದಲ್ಲಿದೆ. ಬಟ್ಟೆ ಸವೆದಾಗ, ಕಡತ ನೋಡಿ ಬಟ್ಟೆ ಕತ್ತರಿಸುವ ಯಂತ್ರವಾದ ಪ್ಲಾಟರ್ ಇನ್ನೊಂದನ್ನು ಹಾಗೆಯೇ ಕತ್ತರಿಸಿಕೊಡುತ್ತದೆ. ಹಾಳೆಯ ಸುರುಳಿಗಳನ್ನು ವರ್ಷಗಟ್ಟಲೆ ಕಾಪಾಡಿದವರಿಗೆ ಇದರ ಬೆಲೆ ಗೊತ್ತು.

ಹೊದಿಕೆ ಹಾಕಿದ ಮೇಲೆ ಮಳೆ ಬಂತು. ಗುಂಡಿಗಳೆಲ್ಲ ಬಿಗಿಯಾಗಿ ಕೂತಿದ್ದವು. ಗಾಜಿನ ಹಿಂದೆ ಮಾತ್ರ ಅಂಗೈಯಗಲ ನೀರು ನಿಂತಿತ್ತು. ಒಳಗಿನ ಆಧಾರಗೋಲನ್ನು ಒಂದಿಷ್ಟು ಎತ್ತರಿಸಿದೆ, ಆ ನೀರೂ ಜಾರಿಹೋಯಿತು.